ಬದುಕಿ ಉಳಿದವರನ್ನು ಮಾತ್ರ ಕೇಳಿದರೆ ಸಾಲದು

ಆತ್ಮೀಯರೇ,

‘ಕವಳ ಮತ್ತು ಕ್ಯಾನ್ಸರ್: ಮಲೆನಾಡಿನ ಅನುಭವ ಹೇಳುವ ಸತ್ಯ’ ಎಂಬ ನಿಮ್ಮ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ‘ವಿಷಾದಪೂರ್ವಕವಾಗಿ ಹಿಂದಿರುಗಿಸಲಾಗಿದೆ’ ಎಂಬ ಒಂದು ಸಾಲು ಬರೆದು ಮುಗಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ನಿಮಗೆ ಬರೆಯಲು ಬರುತ್ತದೆ. ಕವಳ, ಅಂದರೆ ಎಲೆಅಡಿಕೆ, ಜಗಿದರೆ ಕ್ಯಾನ್ಸರ್ ಬರುತ್ತದೆಯೇ ಎಂದು ನೀವು ಎತ್ತಿಕೊಂಡ ಪ್ರಶ್ನೆಯೂ ತೀರ್ಥಹಳ್ಳಿಯಿಂದ ಸಾಗರದವರೆಗೆ ಎಲ್ಲ ಮನೆಗಳ ಜಗಲಿಗೂ ಸೇರಿದ್ದು. ಆದ್ದರಿಂದ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ಲೇಖನದ ಅತ್ಯುತ್ತಮ ಭಾಗ ಅಜ್ಜಿ ಸಂಚಿ ಬಿಚ್ಚುವ ಪ್ಯಾರಾ. ಎಲೆಯನ್ನು ಸೆರಗಿಗೆ ಒರೆಸಿ, ತೊಟ್ಟು ಮುರಿದು, ಹಿಂಬದಿಗೆ ಸುಣ್ಣ ಸವರಿ, ಹಲ್ಲಿಲ್ಲದ ಬಾಯಿಗಾಗಿ ಅಡಿಕೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿ, ಕೊನೆಗೆ ಹೊಗೆಸೊಪ್ಪಿನ ಚೂರನ್ನು ಅಂಗೈಯಲ್ಲಿ ತಿಕ್ಕುತ್ತ ‘ಇದಿಲ್ಲದೆ ಎಂಥ ಕವಳ’ ಎನ್ನುತ್ತಾರಲ್ಲ, ಅದು ಕಣ್ಣಿಟ್ಟು ನೋಡಿದವರು ಮಾತ್ರ ಬರೆಯಬಹುದಾದದ್ದು. ಎರಡೇ ಪುಟ ದಾಟುವಷ್ಟರಲ್ಲಿ ನೀವು ಆ ಹೊಗೆಸೊಪ್ಪನ್ನು ಮರೆತು, ಅದೇ ಅಜ್ಜಿಯನ್ನು ಅಡಿಕೆಯ ಪರವಾಗಿ ಸಾಕ್ಷಿ ಹೇಳಲು ನಿಲ್ಲಿಸಿದ್ದೀರಿ. ನಿಮ್ಮ ಕಣ್ಣು ಕಂಡದ್ದನ್ನು ನಿಮ್ಮ ವಾದ ಕೈಬಿಟ್ಟಿದೆ. ನನ್ನ ತಕರಾರುಗಳಿಗೆಲ್ಲ ಬೇರು ಇದೇ.

ನಿಮ್ಮ ವಾದ ಇಷ್ಟು: ಊರಿನಲ್ಲಿ ಎಪ್ಪತ್ತು ದಾಟಿದ ಎಲ್ಲರನ್ನೂ ಮಾತನಾಡಿಸಿದಿರಿ, ಹೆಚ್ಚಿನವರು ಹರೆಯದಿಂದ ಕವಳ ಹಾಕಿದವರು, ಯಾರಿಗೂ ಬಾಯಿಯ ಕ್ಯಾನ್ಸರ್ ಇಲ್ಲ, ಆದ್ದರಿಂದ ಅಡಿಕೆಯ ಮೇಲಿನ ಆರೋಪ ಸುಳ್ಳು. ಇದನ್ನು ‘ಪುಟ್ಟ ಕೊಹಾರ್ಟ್ ಅಧ್ಯಯನ’ ಎಂದು ಕರೆದಿದ್ದೀರಿ. ಇದು ಕೊಹಾರ್ಟ್ ಅಧ್ಯಯನವಲ್ಲ. ಕೊಹಾರ್ಟ್ ಅಧ್ಯಯನದಲ್ಲಿ ಪಟ್ಟಿ ಮೊದಲು, ಫಲಿತಾಂಶ ಆಮೇಲೆ. ರೋಗ ಇನ್ನೂ ಬಂದಿಲ್ಲದ ಜನರ ಹೆಸರು ಬರೆದುಕೊಂಡು, ಯಾರಿಗೆ ಯಾವ ಅಭ್ಯಾಸವಿದೆ ಎಂದು ಅಂದೇ ದಾಖಲಿಸಿ, ಆಮೇಲೆ ವರ್ಷಗಟ್ಟಲೆ ಒಬ್ಬರನ್ನೂ ಬಿಡದೆ ವಿಚಾರಿಸುತ್ತ ಹೋಗಬೇಕು. ನೀವು ಶುರು ಮಾಡಿದ್ದು ಕೊನೆಯಿಂದ. ಎಪ್ಪತ್ತು ದಾಟಿ ಜಗಲಿಯ ಮೇಲೆ ಕುಳಿತಿರುವವರು ಬದುಕಿ ಉಳಿದವರು. ಅವರ ಓರಗೆಯವರಲ್ಲಿ ಐವತ್ತಕ್ಕೇ ಹೋದವರ ಬಾಯಿಯಲ್ಲಿ ಏನಿತ್ತು ಎಂದು ಹೇಳಲು ಯಾರೂ ಉಳಿದಿಲ್ಲ, ಮತ್ತು ನೀವು ಆ ಮನೆಗಳಲ್ಲಿ ಕೇಳಲೂ ಇಲ್ಲ.

ನಿಜವಾದ ಕೊಹಾರ್ಟಿಗೆ ಒಂದು ಉದಾಹರಣೆ ಕೊಡುತ್ತೇನೆ. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಶೋಧಕರು 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆಲ್ಲ ಚಿಕ್ಕದೊಂದು ಪ್ರಶ್ನಾವಳಿ ಕಳುಹಿಸಿ, ಸಿಗರೇಟು ಸೇದುತ್ತೀರಾ, ಎಷ್ಟು ಎಂದು ಕೇಳಿದರು. ಸುಮಾರು 40,000 ವೈದ್ಯರು ಉತ್ತರಿಸಿದರು. ವೈದ್ಯರನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣ ಅವರ ಹೆಸರು ವೃತ್ತಿಯ ನೋಂದಣಿ ಪುಸ್ತಕದಲ್ಲಿ ಇರುತ್ತದೆ, ಎಲ್ಲಿಗೆ ಹೋದರೂ ಪತ್ತೆ ಮಾಡಬಹುದು ಎಂಬುದು. 1954ರಲ್ಲಿ ಮೊದಲ ವರದಿ ಬಂತು. ಐವತ್ತು ವರ್ಷಗಳ ಲೆಕ್ಕ ಪ್ರಕಟವಾದದ್ದು 2004ರಲ್ಲಿ: ಬದುಕಿನುದ್ದಕ್ಕೂ ಸಿಗರೇಟು ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಸತ್ತಿದ್ದರು. ಡಾಲ್ ಮತ್ತು ಹಿಲ್ ಆ ಪಟ್ಟಿ ಮಾಡದೆ, ಐವತ್ತು ವರ್ಷಗಳ ನಂತರ ತೊಂಬತ್ತು ದಾಟಿದ ವೈದ್ಯರನ್ನು ಮಾತ್ರ ಹುಡುಕಿಕೊಂಡು ಹೋಗಿದ್ದರೆ, ಗಟ್ಟಿಮುಟ್ಟಾಗಿದ್ದು ಇನ್ನೂ ಸಿಗರೇಟು ಸೇದುವ ಕೆಲವರು ಖಂಡಿತ ಸಿಗುತ್ತಿದ್ದರು. ನಿಮ್ಮ ಲೇಖನ ಮಾಡಿರುವುದು ಆ ಕೆಲಸವನ್ನೇ.

ಇನ್ನು ‘ಒಂದು ಪ್ರಕರಣವೂ ಇಲ್ಲ’ ಎಂಬ ನಿಮ್ಮ ಬಲವಾದ ಸಾಲು. ಲೆಕ್ಕದ ಅನುಕೂಲಕ್ಕೆಂದು, ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಹತ್ತು ಜನರಿಗೆ ಒಂದು ಕಾಯಿಲೆ ಬರುತ್ತದೆ ಎಂದಿಟ್ಟುಕೊಳ್ಳಿ. ಇನ್ನೂರು ಜನರನ್ನು ಹತ್ತು ವರ್ಷ ನೋಡಿದರೆ ಎರಡು ಸಾವಿರ ವ್ಯಕ್ತಿ-ವರ್ಷಗಳಾದವು. ಅಷ್ಟರಲ್ಲಿ ನಿರೀಕ್ಷಿಸಬಹುದಾದ ಪ್ರಕರಣಗಳು 0.2. ಅಪಾಯ ಐದು ಪಟ್ಟು ಹೆಚ್ಚಾದರೂ ನಿರೀಕ್ಷೆ ಒಂದೇ ಒಂದು, ಅದೂ ಆ ಹತ್ತು ವರ್ಷಗಳಲ್ಲಿ ಕಾಣಿಸದೆ ಹೋಗಬಹುದು. ಊರು ಚಿಕ್ಕದಾದಷ್ಟೂ ಸೊನ್ನೆಗೆ ಬೆಲೆ ಕಡಿಮೆ. ಮುಂಬೈಯಲ್ಲಿ 1991ರಿಂದ ತಂಬಾಕು ಮತ್ತು ಸಾವಿನ ಸಂಬಂಧ ಹುಡುಕಲು ಹೊರಟವರು ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡದ್ದು ಈ ಕಾರಣಕ್ಕೇ.

ಈಗ ಲೇಖನದ ಅತಿ ದೊಡ್ಡ ತಪ್ಪಿಗೆ ಬರುತ್ತೇನೆ. ಐದನೆಯ ಪುಟದಲ್ಲಿ ಅಡಿಕೆ ಮರ ಹತ್ತಿ ಕೊನೆ ಕೊಯ್ಯುತ್ತಿದ್ದ ನಿವೃತ್ತ ಕೊನೆಗಾರರೊಬ್ಬರು ‘ಖಾರ ತಿಂದರೆ ಬಾಯಿ ಉರಿ, ಆಮೇಲೆ ತುತ್ತು ಇಡಲೂ ಬಾಯಿ ತೆರೆಯದಂತಾಯಿತು, ಅದಕ್ಕೇ ಕವಳ ಬಿಟ್ಟೆ’ ಎನ್ನುತ್ತಾರೆ. ನೀವು ಅವರನ್ನು ‘ಕವಳ ಹಾಕದವರು’ ಎಂಬ ಸಾಲಿಗೆ ಸೇರಿಸಿ, ‘ನೋಡಿ, ಹಾಕದವರಿಗೂ ಬಾಯಿಯ ತೊಂದರೆ ಇದೆ’ ಎಂದಿದ್ದೀರಿ. ಅವರು ಬಿಟ್ಟದ್ದೇ ಕಾಯಿಲೆ ಬಂದದ್ದರಿಂದ! ಅವರು ಹೇಳುವ ಲಕ್ಷಣ ಬಾಯಿಯ ಒಳಪದರ ನಾರುಗಟ್ಟುವ ಕಾಯಿಲೆಯದು. ಅಡಿಕೆ ಜಗಿಯುವುದಕ್ಕೂ ಅದಕ್ಕೂ ಇರುವ ನಂಟು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತು. ಅದು ಕ್ಯಾನ್ಸರಿಗೆ ತಿರುಗುವುದೂ ಉಂಟು. ಈಗ ಹಾಕುವವರು, ಬಿಟ್ಟವರು, ಎಂದೂ ಹಾಕದವರು ಎಂದು ಮೂರು ಗುಂಪು ಮಾಡದಿದ್ದರೆ, ಕಾಯಿಲೆಯಾಗಿ ಬಿಟ್ಟವರೆಲ್ಲ ‘ಹಾಕದವರ’ ಲೆಕ್ಕಕ್ಕೆ ಜಾರಿ ಅಭ್ಯಾಸವೇ ಆರೋಗ್ಯಕರ ಎಂಬಂತೆ ಕಾಣುತ್ತದೆ. ನೀವೇ ಆಡಿಸಿದ ಮಾತು ನಿಮ್ಮ ತೀರ್ಮಾನವನ್ನು ಅಲ್ಲಗಳೆಯುತ್ತಿದೆ, ನೀವು ಕೇಳಿಸಿಕೊಂಡಿಲ್ಲ.

ಅಭ್ಯಾಸವನ್ನು ಬಿಡಿಸಿ ಬರೆದುಕೊಳ್ಳುವುದಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಅಡಿಕೆಯ ಚರಿತ್ರೆಯೇ ಸಾಕ್ಷಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಬೆರೆತ ಕವಳದ ವಿರುದ್ಧ ಸಾಕಷ್ಟು ಪುರಾವೆ ಇದೆ ಎಂದಿತು, ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಪುರಾವೆ ಸಾಲದು ಎಂದಿತು. ನೀವು ಉಲ್ಲೇಖಿಸಿರುವುದು ಆ ಎರಡನೆಯ ಮಾತನ್ನು ಮಾತ್ರ. ಆಮೇಲೆ ತೈವಾನಿನಂತಹ ಕಡೆಗಳಿಂದ, ಹೊಗೆಸೊಪ್ಪು ಸೇರಿಸದೆ ಜಗಿಯುವ ಜನರ ಮಾಹಿತಿ ಬಂತು. 2004ರಲ್ಲಿ ಪ್ರಕಟವಾದ ವರದಿ ಹೊಗೆಸೊಪ್ಪಿಲ್ಲದ ಕವಳವನ್ನೂ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಇದನ್ನು ಬಿಟ್ಟು ‘ಜಾಗತಿಕ ಸಂಸ್ಥೆಯೇ ಪುರಾವೆ ಇಲ್ಲವೆಂದಿದೆ’ ಎಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ.

ಲೇಖನದ ಕೊನೆಯ ಭಾಗದಲ್ಲಿ ಮಲೆನಾಡಿಗೇ ಒಂದು ಕೊಹಾರ್ಟ್ ಬೇಕು, ‘ಮಂಗನ ಕಾಯಿಲೆಗೆ ಮಾಡಿದಂತೆ ಎರಡು ವರ್ಷದಲ್ಲಿ ಮುಗಿಸಬಹುದು’ ಎಂದಿದ್ದೀರಿ. ಬೇಡಿಕೆ ಸರಿ, ಹೋಲಿಕೆ ತಪ್ಪು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಆ ಕಾಯಿಲೆಯಲ್ಲಿ ಸೋಂಕಿನ ಉಣ್ಣೆ ಕಚ್ಚಿದ ಸುಮಾರು ಒಂದು ವಾರದಲ್ಲಿ ಜ್ವರ ಬರುತ್ತದೆ; ಯಾರು ದರಗು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗಿದ್ದರು ಎಂದು ಆ ಋತುವಿನಲ್ಲೇ ಕೇಳಬಹುದು. ಬಾಯಿಯ ಕ್ಯಾನ್ಸರಿಗೆ ದಶಕಗಳು ಬೇಕು. ಅಷ್ಟರಲ್ಲಿ ಮಗ ಬೆಂಗಳೂರಿಗೆ ಕರೆದುಕೊಂಡು ಹೋದ ತಂದೆ, ಮದುವೆಯಾಗಿ ಘಟ್ಟದ ಕೆಳಗೆ ಹೋದ ಮಗಳು, ತೋಟ ಮಾರಿ ಹೊರಟ ಮನೆ, ಎಲ್ಲ ಪಟ್ಟಿಯಿಂದ ಕಳಚಿಕೊಳ್ಳುತ್ತವೆ. ಕಳಚಿಕೊಂಡವರ ಸಂಖ್ಯೆಗಿಂತ, ಯಾಕೆ ಕಳಚಿಕೊಂಡರು ಎಂಬುದು ದೊಡ್ಡ ಪ್ರಶ್ನೆ. ಗಂಭೀರ ಕಾಯಿಲೆಯಾದವರೇ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇತ್ತ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ ಅಲ್ಲೇ ನೆಂಟರ ಮನೆಯಲ್ಲಿ ಉಳಿದುಬಿಟ್ಟರೆ, ಊರಿನಲ್ಲಿ ಎಣಿಸುವವರಿಗೆ ಆರೋಗ್ಯವಂತರಷ್ಟೇ ಸಿಗುತ್ತಾರೆ. ಈ ವಿಷಯಕ್ಕೆ ನಿಮ್ಮ ಲೇಖನದಲ್ಲಿ ಅರ್ಧ ವಾಕ್ಯವೂ ಇಲ್ಲ. ಬೀಡಿ, ಹೆಂಡ, ಬಡತನ ಇವುಗಳ ಪ್ರಭಾವವನ್ನು ಕವಳದ ಪ್ರಭಾವದಿಂದ ಬೇರ್ಪಡಿಸುವ ಮಾತೂ ಇಲ್ಲ.

‘ಕೊಹಾರ್ಟ್ ಅಧ್ಯಯನ ನಡೆದರೆ ಸತ್ಯ ಶಾಶ್ವತವಾಗಿ ಸಾಬೀತಾಗುತ್ತದೆ’ ಎಂಬ ಸಾಲಿಗೆ ಅಡ್ಡಗೆರೆ ಎಳೆದಿದ್ದೇನೆ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ದಾದಿಯರ ಅಧ್ಯಯನ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರದ್ದು, ಬಹಳ ಶ್ರದ್ಧೆಯಿಂದ ನಡೆದದ್ದು. ಮುಟ್ಟು ನಿಂತ ಮೇಲೆ ಹಾರ್ಮೋನ್ ತೆಗೆದುಕೊಂಡವರಿಗೆ ಹೃದ್ರೋಗ ಕಡಿಮೆ ಎಂದು ಅದರಲ್ಲಿ ಕಂಡಿತು. ಚೀಟಿ ಎತ್ತಿದಂತೆ ಗುಂಪು ಹಂಚಿ ಮಾಡಿದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಎರಡು ಹಾರ್ಮೋನುಗಳ ಮಿಶ್ರಣ ಕೊಡುತ್ತಿದ್ದ ಭಾಗವನ್ನು 2002ರಲ್ಲಿ ನಿಲ್ಲಿಸಬೇಕಾಯಿತು. ಸ್ತನ ಕ್ಯಾನ್ಸರ್ ಹೆಚ್ಚಿತ್ತು, ಹೃದ್ರೋಗವೂ ಕಡಿಮೆಯಾಗುವ ಬದಲು ಹೆಚ್ಚೇ ಆಗಿತ್ತು. ಹಾರ್ಮೋನ್ ತೆಗೆದುಕೊಳ್ಳುವವರು ಮೊದಲೇ ಅನುಕೂಲಸ್ಥರು, ಆರೋಗ್ಯದ ಕಾಳಜಿ ಇರುವವರು ಎಂಬುದು ಈ ವ್ಯತ್ಯಾಸಕ್ಕೆ ಒಂದು ಕಾರಣ. ಔಷಧ ಶುರು ಮಾಡಿದ ಮೊದಲ ದಿನಗಳ ಅಪಾಯ ದಾಟಿ ಬಂದವರನ್ನೇ ಲೆಕ್ಕಕ್ಕೆ ಹಿಡಿದದ್ದು ಇನ್ನೊಂದು.

ಅದೇ ಪ್ರಯೋಗ ನಿಮ್ಮ ‘ದುಪ್ಪಟ್ಟು ಅಪಾಯವೆಂಬ ಗುಮ್ಮ’ ಎಂಬ ಉಪಶೀರ್ಷಿಕೆಗೂ ಉತ್ತರ ಕೊಡುತ್ತದೆ. ಹೃದ್ರೋಗ ಶೇ 29ರಷ್ಟು ಹೆಚ್ಚು ಎಂದು ಪತ್ರಿಕೆಗಳು ಬರೆದವು. ಬಿಡಿಸಿ ಹೇಳಿದರೆ, 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಇದ್ದದ್ದು 37 ಆಗಿತ್ತು. ಎರಡೂ ನಿಜ, ಎರಡನ್ನೂ ಹೇಳಬೇಕು. ಎಷ್ಟು ಪಟ್ಟು ಎಂಬುದನ್ನು ಮಾತ್ರ ಹೇಳಿ ಹೆದರಿಸುವವರ ಮೇಲೆ ನಿಮಗಿರುವ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ಮದ್ದು ಮೂಲ ಸಂಖ್ಯೆಯನ್ನು ಓದುಗರ ಮುಂದಿಡುವುದು, ಅಪಾಯವೇ ಇಲ್ಲವೆನ್ನುವುದಲ್ಲ.

ನಿಮ್ಮ ಪತ್ರದಲ್ಲಿ ‘ಅಡಿಕೆ ನಾಡಿನ ಪತ್ರಿಕೆ ಬೆಳೆಗಾರರ ಪರ ನಿಲ್ಲಬೇಕು’ ಎಂದಿದ್ದೀರಿ. ನಿಲ್ಲುತ್ತೇವೆ. ಕೊಳೆರೋಗ ಬಂದಾಗ, ಧಾರಣೆ ಕುಸಿದಾಗ ನಿಂತಿದ್ದೇವೆ. ಆದರೆ ಬೆಳೆಗಾರರಿಗೂ ಬಾಯಿ ಇದೆ, ಅಡಿಕೆ ಸುಲಿಯಲು ಬರುವ ಹೆಣ್ಣುಮಕ್ಕಳಿಗೂ ಇದೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಎದ್ದ ಒಬ್ಬರು ನಿಮ್ಮ ಲೇಖನ ಓದಿ, ‘ಏನೂ ಆಗುವುದಿಲ್ಲವಂತೆ’ ಎಂದು ವೈದ್ಯರ ಬಳಿ ಹೋಗುವುದನ್ನು ಮಳೆಗಾಲ ಕಳೆಯಲಿ ಎಂದು ಮುಂದೂಡಿದರೆ? ಬೇಗ ಪತ್ತೆಯಾದರೆ ಗುಣಪಡಿಸಬಹುದಾದ ರೋಗವಿದು. ನಿಮ್ಮ ಲೇಖನ ಓದಿ ನನಗೆ ನಿದ್ದೆ ಕೆಟ್ಟದ್ದು ಈ ಯೋಚನೆಯಿಂದ.

ಮತ್ತೆ ಬರೆಯಿರಿ, ಬೇರೆ ಕಡೆಯಿಂದ. ನಿಮ್ಮೂರಿನ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ, ಐವತ್ತು ವರ್ಷದ ಹಿಂದಿನ ಒಂದು ತರಗತಿಯನ್ನು ಆರಿಸಿಕೊಳ್ಳಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಿರಿ. ಆ ಪುಟದ ಪ್ರತಿ ಹೆಸರೂ ಈಗ ಎಲ್ಲಿದೆ, ಇದೆಯೋ ಇಲ್ಲವೋ, ಹೇಗೆ ಹೋಯಿತು ಎಂದು ಹುಡುಕಿ. ಪತ್ತೆಯಾಗದ ಹೆಸರುಗಳನ್ನು ಬಿಟ್ಟುಬಿಡಬೇಡಿ, ಅವೆಷ್ಟು, ಹುಡುಕುವಾಗ ಎಲ್ಲಿ ದಾರಿ ತಪ್ಪಿತು ಎಂಬುದನ್ನೇ ಬರೆಯಿರಿ. ಯಾರು ಕವಳ ಹಾಕುತ್ತಿದ್ದರು ಎಂದು ಶಾಲೆಯ ಪುಸ್ತಕ ಹೇಳುವುದಿಲ್ಲ. ಸತ್ತವರ ಮನೆಯವರನ್ನು ಈಗ ಕೇಳಿದರೆ, ಕ್ಯಾನ್ಸರಿನಿಂದ ಹೋದವರ ಮನೆಯಲ್ಲಿ ಸಂಚಿಯ ನೆನಪು ಗಾಢವಾಗಿರುತ್ತದೆ, ಹಾವು ಕಚ್ಚಿ ಹೋದವರ ಮನೆಯಲ್ಲಿ ಅಷ್ಟಿರುವುದಿಲ್ಲ. ಆದ್ದರಿಂದ ಅಡಿಕೆಯ ಪ್ರಶ್ನೆಗೆ ಇದರಿಂದ ಉತ್ತರ ಸಿಗುವುದಿಲ್ಲ ಎಂದೂ ಸ್ಪಷ್ಟವಾಗಿ ಬರೆಯಬೇಕು. ಸಿಗುವುದು ಬೇರೆಯೇ: ಪಟ್ಟಿಯಿಂದ ಹೊರಟರೆ ಎಷ್ಟು ಬಾಗಿಲು ಬಡಿಯಬೇಕಾಗುತ್ತದೆ, ಯಾರ ಸುದ್ದಿ ಸುಲಭಕ್ಕೆ ಸಿಗುತ್ತದೆ, ಯಾರದ್ದು ಸಿಗುವುದೇ ಇಲ್ಲ ಎಂಬುದು. ಅಜ್ಜಿಯ ಸಂಚಿಯನ್ನು ಅಷ್ಟು ಚೆನ್ನಾಗಿ ಕಂಡ ನೀವು ಇದನ್ನೂ ಕಾಣಬಲ್ಲಿರಿ. ಬದುಕಿರುವವರ, ಸತ್ತವರ ಹೆಸರುಗಳನ್ನು ಲೇಖನದಲ್ಲಿ ಬಳಸಬೇಡಿ.

ಹಸ್ತಪ್ರತಿಯನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ, ಅಂಚುಗಳಲ್ಲಿ ಪೆನ್ಸಿಲ್ ಗುರುತುಗಳಿವೆ. ಪೂರ್ತಿ ಲೇಖನಕ್ಕಾಗಿ ಕಾಯುವುದಿಲ್ಲ. ತರಗತಿಯ ಪಟ್ಟಿ ಸಿಕ್ಕಿದ ಕೂಡಲೇ, ಮೊದಲ ಹತ್ತು ಹೆಸರುಗಳ ಹಿಂದೆ ಹೋದಾಗ ಏನಾಯಿತು ಎಂಬ ಎರಡು ಪುಟ ಬರೆದು ಕಳುಹಿಸಿ. ಅಷ್ಟರೊಳಗೆ ಆ ಕೊನೆಗಾರರ ಮನೆಗೆ ಇನ್ನೊಮ್ಮೆ ಹೋಗಿ, ಬಾಯಿಯನ್ನು ದಂತವೈದ್ಯರಿಗೆ ತೋರಿಸಿದ್ದಾರೆಯೇ ಕೇಳಿ. ತೋರಿಸಿಲ್ಲವಾದರೆ ಜೊತೆಗೆ ಕರೆದುಕೊಂಡು ಹೋಗಿ.

ವಿಶ್ವಾಸದಿಂದ,
ಸಂಪಾದಕ
ಶಿವಮೊಗ್ಗ