ತ್ರಿಕಾಸ್ಥಿಯೊಳಗಿನ ನರದ ಗೆಡ್ಡೆ: ಮೂಳೆಯನ್ನೂ ತೆಗೆಯಬೇಕೇ?

ಪ್ರಶ್ನೆ: ನನ್ನ ಅಕ್ಕನಿಗೆ 43 ವರ್ಷ. ಸೊಂಟದ ಕೆಳಗೆ ಬಹಳ ದಿನಗಳಿಂದ ನೋವು, ಎಡಗಾಲಿನ ಹಿಂಭಾಗದಲ್ಲಿ ಜೋಮು. ಎಂಆರ್‌ಐಯಲ್ಲಿ ತ್ರಿಕಾಸ್ಥಿಯೊಳಗೆ (ಬೆನ್ನೆಲುಬಿನ ತಳದ ತ್ರಿಕೋನಾಕಾರದ ಮೂಳೆ) ಗೆಡ್ಡೆ ಕಂಡಿತು. ಸೂಜಿ ಬಯಾಪ್ಸಿಯಲ್ಲಿ ‘ಶ್ವಾನೋಮ, ಕ್ಯಾನ್ಸರ್ ಅಲ್ಲ’ ಎಂದು ಬಂದಿದೆ. ಒಬ್ಬ ವೈದ್ಯರು ಮೂಳೆಸಮೇತ ತೆಗೆಯಬೇಕು ಎನ್ನುತ್ತಾರೆ, ಇನ್ನೊಬ್ಬರು ಗೆಡ್ಡೆಯನ್ನಷ್ಟೇ ತೆಗೆದರೆ ಸಾಕು ಎನ್ನುತ್ತಾರೆ. ಮೂತ್ರದ ಹಿಡಿತ ತಪ್ಪುತ್ತದೆಯೇ ಎಂಬುದೇ ಅಕ್ಕನ ಭಯ.
– ಓದುಗರು, ಹಾಸನ

ಉತ್ತರ: ಬಯಾಪ್ಸಿ ವರದಿ ಸರಿಯಾಗಿದ್ದರೆ ಎರಡನೆಯ ವೈದ್ಯರ ಮಾತಿಗೆ ನನ್ನ ಒಲವು. ಆದರೆ ಆ ‘ಸರಿಯಾಗಿದ್ದರೆ’ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಇದೇ ಜಾಗದಲ್ಲಿ, ಇಷ್ಟೇ ನಿಧಾನವಾಗಿ ಬೆಳೆಯುವ ಕಾರ್ಡೋಮ ಎಂಬ ಕ್ಯಾನ್ಸರ್ ಇದೆ. ಅದನ್ನು ಒಡೆಯದೆ, ಸುತ್ತಲಿನ ಮೂಳೆಯೊಂದಿಗೆ ಇಡಿಯಾಗಿಯೇ ತೆಗೆಯಬೇಕು. ಶ್ವಾನೋಮವನ್ನು ಗುರುತಿಸಲು ಮಾಡುವ ಎಸ್-100 ಪರೀಕ್ಷೆ ಕಾರ್ಡೋಮದಲ್ಲಿಯೂ ಪಾಸಿಟಿವ್ ಬರಬಹುದು. ಕಾರ್ಡೋಮವನ್ನು ಪತ್ತೆಹಚ್ಚುವ ಬ್ರಾಕಿಯೂರಿ ಪರೀಕ್ಷೆಯೂ ಆಗಿದೆಯೇ ಎಂದು ವಿಚಾರಿಸಿ, ಸ್ಲೈಡ್‌ಗಳನ್ನು ಮೂಳೆಗೆಡ್ಡೆಗಳಲ್ಲಿ ಅನುಭವವಿರುವ ಇನ್ನೊಬ್ಬ ಪ್ಯಾಥಾಲಜಿಸ್ಟರಿಗೆ ತೋರಿಸಿ. ಮೊದಲ ವೈದ್ಯರು ಬಹುಶಃ ಈ ಅನುಮಾನದಿಂದಲೇ ಹಾಗೆ ಹೇಳಿರಬಹುದು.

ಶ್ವಾನೋಮ ನರದ ಹೊದಿಕೆಯ ಶ್ವಾನ್ ಕೋಶಗಳಿಂದ ಹುಟ್ಟುತ್ತದೆ. ಮೂಳೆಯೊಳಗೆ ಅದು ಬಲು ಅಪರೂಪ. ಕೆಳದವಡೆಯನ್ನು ಬಿಟ್ಟರೆ ತ್ರಿಕಾಸ್ಥಿಯಲ್ಲಿಯೇ ಹೆಚ್ಚಾಗಿ ಕಾಣಿಸುತ್ತದೆ. ವರ್ಷಗಟ್ಟಲೆ ಮೆಲ್ಲಗೆ ಒತ್ತಿ ಮೂಳೆಯನ್ನು ಸವೆಸುತ್ತದೆ. ಅದಕ್ಕೆ ತನ್ನದೇ ಪೊರೆಯಿರುತ್ತದೆ, ನರದ ಎಳೆಗಳು ಸಾಮಾನ್ಯವಾಗಿ ಪೊರೆಯ ಪಕ್ಕಕ್ಕೆ ಸರಿದಿರುತ್ತವೆ. ಹೀಗಾಗಿ ಶಸ್ತ್ರಚಿಕಿತ್ಸಕರು ಪೊರೆಯನ್ನು ಸೀಳಿ, ಒಳಗಿನ ಭಾಗವನ್ನು ತುಣುಕು ತುಣುಕಾಗಿ ತೆಗೆದು, ನಂತರ ಪೊರೆಯನ್ನು ನರದಿಂದ ಬಿಡಿಸಲು ಸಾಧ್ಯ. ಗೆಡ್ಡೆ ಹುಟ್ಟಿದ ಎಳೆಯನ್ನು ಕತ್ತರಿಸಬೇಕಾಗಬಹುದು. ಅದು ಎಷ್ಟೋ ವೇಳೆ ಆಗಲೇ ಕೆಲಸ ನಿಲ್ಲಿಸಿರುವುದರಿಂದ ದೊಡ್ಡ ನಷ್ಟವಾಗುವುದು ಕಡಿಮೆ. ಪೊರೆಯ ಒಂದು ಚೂರು ಮುಖ್ಯ ನರಕ್ಕೆ ಅಂಟಿಕೊಂಡಿದ್ದರೆ ಅದನ್ನು ಅಲ್ಲಿಯೇ ಬಿಡುವುದು ಜಾಣತನ. ಪೂರ್ತಿ ತೆಗೆಯುವ ಹಟದಲ್ಲಿ ನರವನ್ನು ಕಳೆದುಕೊಳ್ಳುವುದು ಕ್ಯಾನ್ಸರ್ ಅಲ್ಲದ ಗೆಡ್ಡೆಗೆ ತೆರಬಾರದ ಬೆಲೆ.

ಮೂತ್ರ ಮತ್ತು ಮಲದ ಹಿಡಿತ ತ್ರಿಕಾಸ್ಥಿಯ ಎರಡರಿಂದ ನಾಲ್ಕನೆಯ ನರಗಳಿಗೆ ಸೇರಿದ್ದು. ಒಂದು ಬದಿಯ ನರಗಳು ಹೋದರೂ ಇನ್ನೊಂದು ಬದಿಯವು ಉಳಿದರೆ ಬಹುಪಾಲು ರೋಗಿಗಳಲ್ಲಿ ಹಿಡಿತ ಉಳಿಯುತ್ತದೆ. ಎರಡೂ ಬದಿಯವು ಹೋದರೆ ತೊಂದರೆ ಖಂಡಿತ. ಆದ್ದರಿಂದ ಎಂಆರ್‌ಐ ಹಿಡಿದು, ಗೆಡ್ಡೆ ಯಾವ ನರಗಳನ್ನು ಮುಟ್ಟಿದೆ, ಮಧ್ಯರೇಖೆ ದಾಟಿದೆಯೇ ಎಂದು ಕೇಳಿ. ಶಸ್ತ್ರಚಿಕಿತ್ಸೆಯ ವೇಳೆ ಕಾಲಿನ ಮತ್ತು ಗುದದ್ವಾರದ ಸ್ನಾಯುಗಳಿಗೆ ವಿದ್ಯುದ್ವಾರ ಜೋಡಿಸಿ ನರಗಳ ಮೇಲೆ ನಿಗಾ ಇಡುವ ವ್ಯವಸ್ಥೆ ಆ ಆಸ್ಪತ್ರೆಯಲ್ಲಿ ಇರಬೇಕು. ಗೆಡ್ಡೆ ದೊಡ್ಡದಿದ್ದರೆ ರಕ್ತಸ್ರಾವ ತಗ್ಗಿಸಲು ಮುಂಚಿತವಾಗಿ ರಕ್ತನಾಳಗಳನ್ನು ಮುಚ್ಚುವುದುಂಟು. ತ್ರಿಕಾಸ್ಥಿ ಸೊಂಟದ ಮೂಳೆಯನ್ನು ಕೂಡುವ ಕೀಲು ಗಟ್ಟಿಯಾಗಿದ್ದರೆ ಸ್ಕ್ರೂ, ರಾಡ್ ಬೇಕಾಗುವುದಿಲ್ಲ.

ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ಬೇಡ. ಮರುಕಳಿಸಿದರೂ ನಿಧಾನವಾಗಿಯೇ ಬೆಳೆಯುವುದರಿಂದ ಕೆಲವು ವರ್ಷ ಎಂಆರ್‌ಐ ಮಾಡಿಸುತ್ತಿರಬೇಕು. ಬೇರೆ ಕಡೆಯೂ ಗೆಡ್ಡೆಗಳಿದ್ದರೆ ಅಥವಾ ಕಿವಿ ಮಂದವಾಗಿದ್ದರೆ ಅನುವಂಶಿಕ ಪರೀಕ್ಷೆಯ ಬಗ್ಗೆ ಕೇಳಿ. ಈ ನಡುವೆ ಮೂತ್ರ ಕಟ್ಟಿದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ ಅಥವಾ ಪಾದ ಎತ್ತಲಾಗದಿದ್ದರೆ ಶಸ್ತ್ರಚಿಕಿತ್ಸೆಯ ದಿನಾಂಕಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.