ಮಕ್ಕಳು ವಿಶ್ವವಿದ್ಯಾಲಯದಲ್ಲಿ ಓದುವಾಗ ಖರ್ಚಿಗೆ ಎಷ್ಟು ಕೊಡಬೇಕು, ಹೇಗೆ ಕೊಡಬೇಕು?

ಮೊದಲು ಖರ್ಚನ್ನು ಎರಡು ಪಾಲು ಮಾಡಿ. ಬಾಡಿಗೆ, ಮೆಸ್ ಬಿಲ್, ಫೋನ್ ಹೀಗೆ ತಿಂಗಳು ತಿಂಗಳು ಬದಲಾಗದ್ದನ್ನು ನೀವೇ ನೇರವಾಗಿ ಕಟ್ಟಿ. ದಿನಸಿ, ಬಸ್ಸು, ಸೋಪು, ಜೆರಾಕ್ಸ್, ಹೊರಗಿನ ತಿಂಡಿ ಇವಕ್ಕೆ ಮಾತ್ರ ದುಡ್ಡು ಮಕ್ಕಳ ಕೈಗೆ ಹೋಗಲಿ.

ಆ ಮೊತ್ತವನ್ನು ಅಂದಾಜಿನ ಮೇಲೆ ನಿಗದಿ ಮಾಡಬೇಡಿ. ಮೊದಲ 2 ತಿಂಗಳು ಲೆಕ್ಕ ಬರೆದಿಡಲು ಹೇಳಿ, ಆಮೇಲೆ ಕೂತು ಮಾತಾಡಿ. ಮೊದಲ ತಿಂಗಳ ಖರ್ಚು ಹೇಗೂ ಜಾಸ್ತಿಯೇ: ಹಾಸಿಗೆ, ಬಕೆಟ್ಟು, ಪುಸ್ತಕ, ಮುಂಗಡ ಎಲ್ಲ ಒಟ್ಟಿಗೇ ಬರುತ್ತವೆ. ಅದನ್ನು ಬೇರೆಯಾಗಿ ಕೊಡಿ, ಮಾಮೂಲಿ ಲೆಕ್ಕಕ್ಕೆ ಸೇರಿಸಬೇಡಿ.

ಬಹಳ ಜನ ಎಡವುವುದು ವಾರದ ಲೆಕ್ಕದಲ್ಲಿ. ವಾರದ ಖರ್ಚನ್ನು 4ರಿಂದ ಗುಣಿಸಿ ತಿಂಗಳಿನದು ಅಂದುಕೊಳ್ಳುತ್ತಾರೆ. ವರ್ಷಕ್ಕೆ 52 ವಾರ; 4ರ ಲೆಕ್ಕದಲ್ಲಿ 48 ವಾರಕ್ಕಷ್ಟೇ ದುಡ್ಡು ಸಿಗುತ್ತದೆ. 52ರಿಂದ ಗುಣಿಸಿ 12ರಿಂದ ಭಾಗಿಸಿ. ರಜೆಗೆ ಮನೆಗೆ ಬರುವ ವಾರಗಳನ್ನು ಕಳೆಯಬಹುದು, ಆದರೆ ಆಗಲೂ ರೂಮಿನ ಬಾಡಿಗೆ ನಿಲ್ಲುತ್ತದೆಯೇ ಎಂದು ಕೇಳಿಕೊಳ್ಳಿ.

ಇಡೀ ಸೆಮಿಸ್ಟರಿನ ದುಡ್ಡನ್ನು ಒಂದೇ ಸಲ ಕೊಟ್ಟರೆ ಅರ್ಧಕ್ಕೇ ಮುಗಿಯುವ ಸಂಭವ ಹೆಚ್ಚು. ತಿಂಗಳಿಗೊಮ್ಮೆ, ಒಂದೇ ತಾರೀಕಿಗೆ ಹಾಕಿ. ಅದೂ ಕಷ್ಟವಾದರೆ ವಾರಕ್ಕೊಮ್ಮೆ. ನಡುವೆ ಖಾಲಿಯಾಯಿತೆಂದು ಕೇಳಿದಾಗಲೆಲ್ಲ ಕಳಿಸುತ್ತಿದ್ದರೆ ನಿಗದಿ ಮಾಡಿದ ಮೊತ್ತಕ್ಕೆ ಬೆಲೆಯೇ ಇರುವುದಿಲ್ಲ. ಜ್ವರ, ಲ್ಯಾಪ್‌ಟಾಪ್ ರಿಪೇರಿಯಂಥವಕ್ಕೆ ಒಂದು ತಿಂಗಳ ಖರ್ಚಿನಷ್ಟು ಬೇರೆ ಖಾತೆಯಲ್ಲಿ ಇಟ್ಟಿರಿ.

ನಿಮ್ಮ ಕೈಲಿ ಎಷ್ಟಾಗುತ್ತದೆ ಎಂಬುದನ್ನು ಮಕ್ಕಳು ರೂಮು ಹುಡುಕುವ ಮೊದಲೇ ಹೇಳಿಬಿಡಿ. ಬಾಡಿಗೆ ಕರಾರಿಗೆ ಸಹಿ ಬಿದ್ದ ಮೇಲೆ ಕಡಿತ ಮಾಡಲು ಉಳಿಯುವುದು ಊಟದ ದುಡ್ಡೊಂದೇ.