ಉಪ್ಪು ಬಿಟ್ಟೆ, ಊಟ ಯಾರಿಗೂ ಸೇರ್ತಿಲ್ಲ!

ಪ್ರಶ್ನೆ: ಬಿಪಿ ಸ್ವಲ್ಪ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ ಅಂದರು ಡಾಕ್ಟರು. ಮಾರನೇ ದಿನದಿಂದಲೇ ಅಡುಗೆಗೆ ಉಪ್ಪು ಹಾಕೋದನ್ನೇ ಬಿಟ್ಟೆ. ನಾಲ್ಕು ಜನರ ಮನೆ, ಯಾರ ತಟ್ಟೆಯೂ ಖಾಲಿಯಾಗಲಿಲ್ಲ. ಸೋತು ಮತ್ತೆ ಮೊದಲಿನ ಹಾಗೇ ಹಾಕ್ತಿದ್ದೇನೆ. ಪುಡಿ ಉಪ್ಪಿನ ಬದಲು ಸೈಂಧವ ಲವಣ ಬಳಸಿದರೆ ಸಾಕಾ?

ಉತ್ತರ: ಸಾಲದು. ಸೈಂಧವ ಲವಣವೋ ಕಲ್ಲುಪ್ಪೋ, ಬಣ್ಣ ಬೇರೆ ಇರಬಹುದು, ಒಳಗಿರೋದು ಹೆಚ್ಚೂಕಡಿಮೆ ಅದೇ ಸೋಡಿಯಂ ಕ್ಲೋರೈಡ್. ಜೊತೆಗೆ ಅಯೋಡಿನ್ ಕೂಡ ತಪ್ಪಿಹೋಗಬಹುದು.

ಒಂದೇ ದಿನಕ್ಕೆ ಬಿಟ್ಟಿರಲ್ಲ, ಎಡವಿದ್ದು ಅಲ್ಲೇ. ಮೊದಲು ಮನೆಯಲ್ಲಿ ಎಷ್ಟು ಖರ್ಚಾಗ್ತಿದೆ ಅಂತ ಗೊತ್ತಾಗಬೇಕು, ಅಲ್ವಾ? ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಮಟ್ಟಸವಾಗಿ ತುಂಬಿದ ಒಂದು ಟೀ ಚಮಚಕ್ಕಿಂತ ಕಡಿಮೆ. ನಾಲ್ಕು ಜನಕ್ಕೆ 20 ಗ್ರಾಂ ಅಂತಿಟ್ಟುಕೊಂಡರೂ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಒಂದೇ ತಿಂಗಳಿಗೆ ತಳ ಕಂಡರೆ ತಲೆಗೆ 8 ಗ್ರಾಂ ದಾಟಿದೆ. ಬ್ರೆಡ್ಡು, ಬಿಸ್ಕತ್ತು, ಸಾಸು, ಚಿಪ್ಸು ಇದರಲ್ಲಿ ಸೇರೇ ಇಲ್ಲ! ಸಿಹಿ ಬಿಸ್ಕತ್ತಿನಲ್ಲೂ ಉಪ್ಪಿರುತ್ತದೆ. ಪೊಟ್ಟಣದ ಹಿಂದೆ ಬರೆದಿರುವ ಸೋಡಿಯಂ ಲೆಕ್ಕವನ್ನು ಎರಡೂವರೆಯಿಂದ ಗುಣಿಸಿ, 800 ಮಿಲಿಗ್ರಾಂ ಅಂತಿದ್ದರೆ ಅದು 2 ಗ್ರಾಂ ಉಪ್ಪು.

ಆಮೇಲೆ ಹದಿನೈದು ದಿನಕ್ಕೊಮ್ಮೆ ಒಂದಿಷ್ಟೇ ಇಳಿಸುತ್ತಾ ಬನ್ನಿ. ಕೈಯಳತೆ ಬೇಡ, ಚಮಚದಲ್ಲೇ ಹಾಕಿ. ಮನೆಯವರಿಗೆ ಹೇಳಲೇಬೇಡಿ, ಸುಮ್ನೆ ರಗಳೆ. ನಾಲಿಗೆ ಒಗ್ಗಿಕೊಳ್ಳೋಕೆ ಕೆಲವು ವಾರ ಬೇಕು. ತಟ್ಟೆ ಮುಂದೆ ಕೂತ ಕೂಡಲೇ, ರುಚಿ ಕೂಡ ನೋಡದೆ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದವನು ನಾನು. ಮೂರನೇ ತಿಂಗಳಿಗೆ ಹೊರಗಿನ ಸೂಪು ನನಗೇ ಉಪ್ಪುಪ್ಪು ಅನ್ನಿಸಿತು. ಒಲೆಯಿಂದ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಸಪ್ಪೆ ಅನ್ನಿಸೋದು ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ 'ಕಡಿಮೆ ಸೋಡಿಯಂ ಉಪ್ಪು' ಕೂಡ ಸಿಗುತ್ತದೆ. ಅದರಲ್ಲಿ ಸೋಡಿಯಂ ಬದಲು ಒಂದಿಷ್ಟು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಇದು ಅಪಾಯ, ಕೆಲವು ಬಿಪಿ ಮಾತ್ರೆಗಳ ಜೊತೆಗೂ ಆಗಿಬರುವುದಿಲ್ಲ. ಹಾಗಾಗಿ ಡಾಕ್ಟರನ್ನು ಕೇಳದೆ ತರಬೇಡಿ. ಉಪ್ಪು ಕಡಿಮೆ ಮಾಡಿದೆ ಅಂತ ಮಾತ್ರೆ ನಿಲ್ಲಿಸಲೂಬೇಡಿ.